ಒಲೆ ಹಚ್ಚದ ದಿನ

ನಮ್ಮ ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡಂತೆ ರೇಷ್ಮೆ ನೂಲು ಬಿಚ್ಚುವ ಒಂದು ಶೆಡ್ ಇದೆ. ರಾಮನಗರದಲ್ಲಿ ಇದೇನು ವಿಶೇಷವಲ್ಲ. ನಮ್ಮ ಬೀದಿಯೊಂದರಲ್ಲೇ ಅಂಥವು ಎಂಟಿವೆ. ಬೆಳಿಗ್ಗೆ ಮಾರುಕಟ್ಟೆಯಿಂದ ಗೂಡಿನ ಚೀಲಗಳು ಬರುತ್ತವೆ, ಒಲೆ ಹತ್ತುತ್ತದೆ, ಕುದಿಯುವ ನೀರಿನಲ್ಲಿ ಗೂಡು ಬೆಂದು ಎಳೆ ಸಿಗುತ್ತದೆ. ಎಳೆ ಬಿಚ್ಚಿಕೊಂಡ ಮೇಲೆ ಉಳಿಯುವ ಬೆಂದ ಹುಳುವಿನ ವಾಸನೆ ಸಂಜೆಯವರೆಗೂ ಬೀದಿ ಬಿಟ್ಟು ಹೋಗುವುದಿಲ್ಲ. ಶೆಡ್ಡಿನ ಒಡತಿಯನ್ನು ನಾನು ಆಪಾ ಎನ್ನುತ್ತೇನೆ. ಅವರ ಮಾತಿನಲ್ಲಿ ಅದೂ ಅಕ್ಕ ಎಂದೇ. ಅವರು ನನ್ನನ್ನು ಅಕ್ಕಾ ಎನ್ನುತ್ತಾರೆ. ಇಬ್ಬರಲ್ಲಿ ನಿಜವಾಗಿ ದೊಡ್ಡವರು ಯಾರೆಂದು ಇಷ್ಟು ವರ್ಷದಲ್ಲಿ ನಾವು ಕೇಳಿಕೊಂಡಿಲ್ಲ.

ಹಬ್ಬಕ್ಕೆ ಅವರು ಕಳಿಸಿದ್ದ ಶ್ಯಾವಿಗೆ ಪಾಯಸದ ಡಬ್ಬಿಯನ್ನು ಹಿಂದಿರುಗಿಸಲು ಹೋದಾಗ ಆ ಹಂಡೆಯನ್ನು ಮೊದಲ ಸಲ ನೋಡಿದೆ. ಬರಿ ಡಬ್ಬಿ ಕೊಡಬಾರದೆಂದು ನಾಲ್ಕು ಕೋಡುಬಳೆ ಹಾಕಿಕೊಂಡು ಹೋಗಿದ್ದೆ. ಶೆಡ್ಡಿನ ಮೂಲೆಯಲ್ಲಿ ಕಪ್ಪು ಹಿಡಿದ ಒಂದು ತಾಮ್ರದ ಹಂಡೆ. ಅದರ ಬಾಯಿಯಿಂದ ಎರಡು ಸಣ್ಣ ಕೊಳವೆಗಳು ಹೊರಗೆ ಬಂದಿದ್ದವು. ಹೊರಮೈಯಲ್ಲಿ ಗೂಡಿನ ಅಂಟು ಪದರಪದರವಾಗಿ ಒಣಗಿತ್ತು.

"ಇದೇನಾಪಾ, ಸ್ನಾನದ ಹಂಡೆ ಇಲ್ಲಿಗೆ ಬಂತು?"

"ಮಗಳು ಮನೇಲಿ ಗೀಜರ್ ಹಾಕಿಸ್ಬುಟ್ಲು ಅಕ್ಕಾ. ಇದು ಮೂಲೆ ಸೇರಿತ್ತು. ಎಲ್ಲಿ, ಈ ಪೈಪಿಗೆ ಕೈ ಇಡಿ."

ಕೈ ಇಟ್ಟೆ. ತೊಟ್ಟಿಯಿಂದ ತಣ್ಣಗೆ ಒಳಹೋದ ನೀರು ಇನ್ನೊಂದು ತುದಿಯಲ್ಲಿ ಮಗುವಿಗೆ ಎರೆಯುವಷ್ಟು ಬೆಚ್ಚಗಾಗಿ ಹೊರಬರುತ್ತಿತ್ತು.

ಅವರು ವಿವರಿಸಿದರು. ಗೂಡು ಬೆಂದ ನೀರನ್ನು ದಿನಕ್ಕೆ ಹಲವು ಸಲ ಬದಲಿಸಬೇಕು. ಕೊತಕೊತ ಕುದಿದ ಆ ನೀರನ್ನು ಎಲ್ಲರೂ ಮೋರಿಗೆ ಚೆಲ್ಲಿ, ಮತ್ತೆ ತಣ್ಣೀರು ಹಾಕಿ, ಮತ್ತೆ ಸೌದೆ ತುರುಕುತ್ತಾರೆ. ಆಪಾ ಆ ಬಿಸಿನೀರನ್ನು ಹಂಡೆಗೆ ಸುರಿಯುತ್ತಾರೆ. ಹಂಡೆಯೊಳಗೆ ಸುರುಳಿ ಸುತ್ತಿದ ತಾಮ್ರದ ಕೊಳವೆಯಿದೆ. ಹೊಸ ನೀರು ಅದರೊಳಗೆ ಹಾದು, ಅರ್ಧ ಕಾದು, ಒಲೆಯ ಮೇಲಕ್ಕೆ ಹೋಗುತ್ತದೆ. ಮೊದಲು ಇದನ್ನೇ ತಿರುಗಾಮುರುಗಾ ಮಾಡಿದ್ದರಂತೆ, ಬೆಂದ ನೀರನ್ನು ಕೊಳವೆಯೊಳಗೆ ಬಿಟ್ಟು. ಅಂಟು ಕಟ್ಟಿ ಮೂರೇ ದಿನಕ್ಕೆ ಕೊಳವೆ ಮುಚ್ಚಿಹೋಯಿತು. ಆಮೇಲೆ ಗಲೀಜು ನೀರನ್ನು ಕೊಳವೆಯ ಹೊರಗಿಟ್ಟು ಒಳ್ಳೆಯದನ್ನು ಒಳಗೆ ಹರಿಸಿದರು.

"ಇಪ್ಪತ್ತು ವರ್ಷದಿಂದ ಕಾದ್ ನೀರ್ನ ಮೋರಿಗ್ ಚೆಲ್ಲೋದು, ಪಕ್ಕದಲ್ಲೇ ತಣ್ಣೀರ್ ಕಾಯ್ಸೋಕೆ ಸೌದೆ ಸುಡೋದು. ಒಸಿ ಬುದ್ಧಿ ಬ್ಯಾಡ್ವಾ ಅಕ್ಕಾ ನಮ್ಗೆ?" ಎಂದು ನಕ್ಕರು. ದಿನಕ್ಕೆ ಒಂದು ತೆಕ್ಕೆ ಸೌದೆ ಉಳಿಯುತ್ತಿತ್ತು. ಆ ತೆಕ್ಕೆಯನ್ನು ಅವರು ಎರಡೂ ತೋಳು ಅಗಲಿಸಿ ತೋರಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ.

ಬೀದಿಯ ಉಳಿದ ಶೆಡ್ಡಿನವರು ಬಂದು ನೋಡಿಕೊಂಡು ಹೋದರು. "ಏನ್ಲಾ, ಹುಳಕ್ಕೂ ಗೀಜರ್ ಹಾಕ್ಸಿದ್ಯಂತೆ?" ಎಂದು ಒಬ್ಬರು ಆಪಾರ ಗಂಡನನ್ನು ಕಿಚಾಯಿಸಿದರಂತೆ. ಚೆನ್ನಾಗಿಲ್ಲ ಎಂದು ಯಾರೂ ಹೇಳಲಿಲ್ಲ. ತಾಮ್ರ ಕೊಳ್ಳಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಮೊದಲು ಪಕ್ಕದವನು ಹಾಕಿಸಲಿ, ನೋಡೋಣ ಎಂದು ಪ್ರತಿಯೊಬ್ಬರೂ ಪಕ್ಕದವನ ಕಡೆ ಕೈ ತೋರಿಸಿದರು.

ಅದೇ ದಿನಗಳಲ್ಲಿ ಪೇಪರಿನಲ್ಲಿ ಒಂದು ಪ್ರಕಟಣೆ ಓದಿದೆ. ಬೆಂಗಳೂರಿನ ಒಂದು ಸಂಸ್ಥೆ, ಭೂಮಿಯನ್ನು ಉಳಿಸಲು ನೆರವಾಗುವ ಹೊಸ ಆಲೋಚನೆಗಳಿಗೆ ಹಣ ಕೊಡುತ್ತದೆ. ಓದಿದವರೇ ಆಗಬೇಕೆಂದಿಲ್ಲ, ಸಾಮಾನ್ಯರೂ ಅರ್ಜಿ ಹಾಕಬಹುದು. ಅರ್ಜಿ ಇಂಗ್ಲಿಷಿನಲ್ಲಿತ್ತು. ನಾನಿದ್ದೀನಲ್ಲ ಎಂದು ಆಪಾಗೆ ಹೇಳಿದೆ. ಚನ್ನಪಟ್ಟಣದ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಆ ಇಂಗ್ಲಿಷು ಮದುವೆಯಾದ ಮೇಲೆ ಔಷಧಿ ಬಾಟಲಿ ಓದುವುದಕ್ಕೆ, ಗ್ಯಾಸ್ ಏಜೆನ್ಸಿಗೆ ದೂರು ಬರೆಯುವುದಕ್ಕೆ ಮಾತ್ರ ಬಳಕೆಯಾಗಿತ್ತು. ನನಗೂ ಒಂದು ಕೆಲಸ ಸಿಕ್ಕಿತೆಂಬ ಉಮೇದು ಬಂದುಬಿಟ್ಟಿತು.

"ಭೂಮಿ ಉಳಿಸೋಕೆ ಹೊರಟಿದ್ದೀಯ, ಸಂತೋಷ. ಸದ್ಯಕ್ಕೆ ಒಲೆ ಮೇಲಿರೋ ಹಾಲು ಉಳಿಸು," ಎಂದರು ನಮ್ಮ ಮನೆಯವರು. ಹಾಲು ಆಗಲೇ ಉಕ್ಕಿತ್ತು.

ನಮ್ಮ ಊಟದ ಮೇಜಿನ ಮುಂದೆ ಕುಳಿತು ಇಬ್ಬರೂ ಅರ್ಜಿ ತುಂಬಿದೆವು. ಆಪಾ ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದರು. ಅವರ ಬೆರಳ ತುದಿಗಳು ನೀರಿನಲ್ಲಿ ಬೆಂದು ಬೆಂದು ಬಿಳಿಚಿ ಸುಕ್ಕಾಗಿದ್ದವು. ಎಲ್ಲೂ ಏನನ್ನೂ ಮುಟ್ಟದಂತೆ ಅವುಗಳನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತಿದ್ದರು. ನಿಮ್ಮ ಆಲೋಚನೆಯಿಂದ ಭೂಮಿಗೆ ಏನು ಉಪಯೋಗ ಎಂಬ ಪ್ರಶ್ನೆಯನ್ನು ಓದಿ ಹೇಳಿದೆ.

"ಭೂಮಿಗಾ?" ಎಂದರು ಆಪಾ. "ಅಷ್ಟ್ ದೊಡ್ದು ನಂಗೊತ್ತಿಲ್ಲ ಅಕ್ಕಾ. ನಮ್ ಬೀದೀಗೆ ಅಂತ ಬರ್ಕೊಳಿ. ಎಂಟು ಒಲೆ ಐತೆ. ಎಂಟ್ರಲ್ಲೂ ಹಂಡೆ ಕೂತ್ರೆ, ಕನಕಪುರದ ಕಡೆಯಿಂದ ಬರೋ ಸೌದೆ ಗಾಡಿ ಅರ್ಧಕ್ಕರ್ಧ ಕಮ್ಮಿ ಆಯ್ತದೆ. ಅಷ್ಟ್ ಮರ ನಿಲ್ತದೆ. ಅಷ್ಟ್ ಹೊಗೆ ನಮ್ ಮಕ್ಳು ಕುಡಿಯಲ್ಲ. ನಂದೊಂದೇ ಹಂಡೆ ಇದ್ರೆ ಏನಾಯ್ತದೆ? ನಾನ್ ಸತ್ ಮೇಲೆ ಗುಜರಿಗೆ ಹಾಕ್ತಾರೆ, ಅಷ್ಟೇಯ."

ಅವರಿಗೆ ಬೇಕಾಗಿದ್ದದ್ದು ಅದೇ. ಉಳಿದ ಏಳು ಒಲೆಗಳಿಗೆ ಏಳು ಹಂಡೆ. ಒಮ್ಮೆ ಕೂತುಬಿಟ್ಟರೆ ಯಾರೂ ಕೀಳುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ನಾನು ಅದನ್ನೇ ಬರೆದೆ, ಆದರೆ ನನ್ನ ಇಂಗ್ಲಿಷಿನಲ್ಲಿ, ಉದ್ದುದ್ದ ವಾಕ್ಯಗಳಲ್ಲಿ, ಎಳೆದೆಳೆದು ಇಸ್ತ್ರಿ ಮಾಡಿದ ಹಾಗೆ. ಮಕ್ಕಳು ಕುಡಿಯುವ ಹೊಗೆಯ ಮಾತು ಅದರಲ್ಲೆಲ್ಲೋ ಕರಗಿಹೋಯಿತು. "ಏನ್ ಬರುದ್ರಿ?" ಎಂದು ಆಪಾ ಕೇಳಿದಾಗ "ನೀವು ಹೇಳಿದ್ದೇ" ಎಂದೆ.

ಒಂದೂವರೆ ತಿಂಗಳಾದ ಮೇಲೆ ಉತ್ತರ ಬಂತು. ಮೊದಲ ಸುತ್ತಿನಲ್ಲಿ ಆರಿಸಿದ್ದಾರೆ, ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಬಂದು ನೋಡುತ್ತಾರೆ. ಕೊನೆಯಲ್ಲಿ ಇನ್ನೊಂದು ಸಾಲಿತ್ತು. ದಯವಿಟ್ಟು ವಿಶೇಷವಾಗಿ ಯಾವ ಏರ್ಪಾಡನ್ನೂ ಮಾಡಬೇಡಿ, ದಿನದ ಕೆಲಸ ಹೇಗೆ ನಡೆಯುತ್ತದೋ ಹಾಗೇ ನಡೆಯಲಿ. ಅದನ್ನು ನಾನು ಆಪಾಗೆ ಹೇಳಿದ್ದು ಹೀಗೆ: "ಏನೂ ತೊಂದರೆ ತಗೋಬೇಡಿ ಅಂತಲೂ ಬರೆದಿದ್ದಾರೆ, ಪಾಪ."

ನಮ್ಮ ಕಡೆ ಮನೆಗೆ ಬರುವವರೆಲ್ಲ ಆ ಮಾತನ್ನು ಹೇಳುತ್ತಾರೆ. ಹೆಣ್ಣು ನೋಡಲು ಬರುವವರೂ ಹೇಳುತ್ತಾರೆ. ಹೇಳಿದರೆಂದು ಯಾರಾದರೂ ಬರಿ ನೀರು ಕೊಟ್ಟು ಕಳಿಸುತ್ತಾರೆಯೇ?

"ಇಬ್ರೇನಾ? ಡ್ರೈವರೂ ಇರ್ತಾನೆ," ಎಂದರು ಆಪಾ. "ಊಟಕ್ಕೇ ಮಾಡ್ಬುಡಣ. ಅವ್ರು ನಾನ್‌ವೆಜ್ ತಿಂತಾರೋ ಇಲ್ವೋ? ಎರಡೂ ಇರಲಿ. ಪಲ್ಯ, ಸಾರು ನಿಮ್ಮನೇಲಿ ಮಾಡಿ ಅಕ್ಕಾ."

ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಮಾತು ನನ್ನ ಬಾಯಿಂದ ಬಂತು. "ಆಪಾ, ಅವತ್ತೊಂದು ದಿನ ಒಲೆ ಹಚ್ಚದೇ ಇದ್ದರೆ ಹೇಗೆ? ಬೆಂಗಳೂರಿನವರು, ಈ ವಾಸನೆ ಅವರಿಗೆ..."

ಎಳೆ ಹಿಡಿದಿದ್ದ ಆಪಾರ ಕೈ ಒಂದು ಗಳಿಗೆ ನಿಂತಿತು. ಆಚೆ ಚೀಲ ಸುರಿಯುತ್ತಿದ್ದ ಅವರ ಗಂಡ, "ಒಂದಿನದ ಕೆಲ್ಸ ಹೋಯ್ತದಲ್ಲಮ್ಮಾ," ಎಂದರು. "ಮನೇಗ್ ಜನ ಬತ್ತಾವ್ರೆ, ನೀವ್ ಒಸಿ ಸುಮ್ಕಿರಿ," ಎಂದು ಆಪಾ ಅವರ ಬಾಯಿ ಮುಚ್ಚಿಸಿದರು.

ಕಾನ್ವೆಂಟಿನಲ್ಲಿ ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಪಾಠವಿರುತ್ತಿರಲಿಲ್ಲ. ಡೆಸ್ಕಿನ ಮೇಲಿನ ಮಸಿ ಕಲೆ ಉಜ್ಜುತ್ತಿದ್ದೆವು, ಹರಿದ ಭೂಪಟದ ಮೇಲೆ ಹೊಸದನ್ನು ತೂಗುಹಾಕುತ್ತಿದ್ದೆವು. ಮಾರನೆಯ ದಿನ ಬಂದವರು ತಲೆಯಾಡಿಸಿ ಹೋಗುತ್ತಿದ್ದರು. ಯಾರಾದರೂ ನೋಡಲು ಬರುತ್ತಾರೆಂದರೆ ನನಗೆ ಗೊತ್ತಿದ್ದ ದಾರಿ ಅದೊಂದೇ.

ಬುಧವಾರವೆಲ್ಲ ತೊಳೆದೆವು. ಗೋಡೆಗೆ ಸುಣ್ಣವಾಯಿತು, ಒಲೆಗೆ ಕೆಮ್ಮಣ್ಣು ಸಾರಿಸಿದ್ದಾಯಿತು. ನಾನೇ ಮನೆಯಿಂದ ಹುಣಸೆಹಣ್ಣು, ಉಪ್ಪು ತಂದೆ. ಆಪಾ, ಅವರ ಮಗಳು, ನಾನು ಮೂವರೂ ಸೇರಿ ಹಂಡೆಯನ್ನು ಉಜ್ಜಿದೆವು. ಅಂಟು ಕಿತ್ತು, ಕಪ್ಪು ಹೋಗಿ, ಒಳಗಿನ ಸುರುಳಿಯೂ ಮದುವೆ ಮನೆಯ ಪಾತ್ರೆಯ ಹಾಗೆ ಹೊಳೆಯಿತು. ನಾವು ಮೂವರೂ ಸ್ವಲ್ಪ ದೂರ ನಿಂತು ನೋಡಿ ಸಂತೋಷಪಟ್ಟೆವು.

ಬಂದವರು ಒಬ್ಬ ಹುಡುಗಿ, ಒಬ್ಬರು ನಡುವಯಸ್ಸಿನವರು. ಇಬ್ಬರಿಗೂ ಒಳ್ಳೆಯ ಕನ್ನಡ ಬರುತ್ತಿತ್ತು. ನನ್ನ ಇಂಗ್ಲಿಷಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಹುಡುಗಿ ಚೀಲದಿಂದ ನೀರಿನ ಬಿಸಿ ಅಳೆಯುವ ಉದ್ದನೆಯ ಕಡ್ಡಿ, ಸೌದೆ ತೂಗಲು ಕೊಕ್ಕೆಯ ತಕ್ಕಡಿ ತೆಗೆದು ಸುತ್ತ ನೋಡಿದಳು. ಸುಣ್ಣದ ವಾಸನೆ, ಊದುಬತ್ತಿಯ ವಾಸನೆ. ಬಣ್ಣದ ವಸ್ತ್ರ ಹೊದಿಸಿದ ಎರಡು ಕುರ್ಚಿ.

"ಇದು ತೋರಿಸೋಕೆ ಮಾಡಿರೋ ಮಾದರಿನಾ ಅಮ್ಮಾ? ದಿನಾ ಬಳಸೋ ಹಂಡೆ ಎಲ್ಲಿದೆ?"

"ಇದೇ ಮೇಡಂ."

"ಇದು ಹೊಸದಲ್ವಾ?"

"ಇಲ್ಲ ಮೇಡಂ, ನಮ್ಮತ್ತೆ ಕಾಲದ್ದು. ಹುಣ್ಸೆಹಣ್ಣಲ್ಲಿ ಉಜ್ಜಿದೀವಿ," ಎಂದರು ಆಪಾ, ಹೆಮ್ಮೆಯಿಂದಲೇ.

"ಇವತ್ತು ಕೆಲಸ ಇಲ್ವಾ?" ಎಂದು ನಡುವಯಸ್ಸಿನವರು ಕೇಳಿದರು.

"ನೀವ್ ಬತ್ತೀರಾ ಅಂತ ರಜಾ ಮಾಡಿದ್ವಿ ಸಾರ್," ಎಂದರು ಆಪಾರ ಗಂಡ. "ಗೂಡೂ ತಂದಿಲ್ಲ."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಹುಡುಗಿ ಬೇಸರ ತೋರಿಸದೆ ಮೆಲ್ಲಗೆ ಹೇಳಿದಳು, "ದಿನದ ಹಾಗೇ ಕೆಲಸ ನಡೀತಿರಲಿ ಅಂತ ಬರೆದಿದ್ವಲ್ಲ?"

ಆಪಾ ನನ್ನ ಕಡೆ ತಿರುಗಿದರು. ನಾನು ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತ ನಿಂತೆ. ತಟ್ಟೆಯ ಅಂಚಿನಲ್ಲಿ ಸಕ್ಕರೆಯ ಹರಳುಗಳು ಉದುರಿದ್ದವು, ಒಂದು ಇರುವೆ ಆಗಲೇ ಬಂದಿತ್ತು.

ಈಗಲೇ ಹಚ್ಚುತ್ತೇನೆ ಎಂದು ಆಪಾ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತರು. ಸಾರಿಸಿದ ಮಣ್ಣು ಇನ್ನೂ ಹಸಿ. ಬೆಂಕಿ ಹತ್ತದೆ ಹೊಗೆಯೇ ಎದ್ದು ಎಲ್ಲರಿಗೂ ಕೆಮ್ಮು ಬಂತು. ಕೊನೆಗೂ ನೀರು ಕಾಯಿತು, ಹಂಡೆಗೆ ಸುರಿದರು, ಕೊಳವೆಯಿಂದ ಬೆಚ್ಚನೆ ನೀರೂ ಬಂತು. ಹುಡುಗಿ ಕಡ್ಡಿ ಇಟ್ಟು ಬರೆದುಕೊಂಡಳು. ಆದರೆ ಅವರಿಗೆ ಬೇಕಾಗಿದ್ದದ್ದು ಗೂಡು ಬೇಯುವ ಒಂದು ಇಡೀ ದಿನ, ಹಂಡೆ ಇದ್ದಾಗ ಎಷ್ಟು ಸೌದೆ, ಇಲ್ಲದಾಗ ಎಷ್ಟು ಎಂಬ ತೂಕ. ಸಂಜೆಯವರೆಗೆ ಇರಲೆಂದೇ ಬಂದಿದ್ದರು. ಇನ್ನು ಇದ್ದು ಪ್ರಯೋಜನವಿಲ್ಲವೆಂದು, ಮಾಗಡಿಯಲ್ಲಿ ಇನ್ನೊಬ್ಬರನ್ನು ನೋಡಬೇಕಾಗಿರುವುದನ್ನು ಮುಗಿಸಿಬಿಡುತ್ತೇವೆಂದು ಎದ್ದರು. ಆಪಾ ಬಲವಂತ ಮಾಡಿ ಊಟಕ್ಕೆ ಕೂರಿಸಿದರು. ಇಬ್ಬರೂ ಎರಡು ತುತ್ತು ತಿಂದು, ಚೆನ್ನಾಗಿದೆ ಎಂದರು.

ಮೂರು ವಾರಕ್ಕೆ ಪತ್ರ ಬಂತು. ಹಂಡೆ ನಿತ್ಯ ಬಳಕೆಯಲ್ಲಿರುವುದಕ್ಕೆ ಆಧಾರ ಕಾಣಲಿಲ್ಲ, ಆದ್ದರಿಂದ ಈ ಸಲ ಹಣ ಕೊಡಲಾಗುವುದಿಲ್ಲ. ಅದೊಂದು ದಿನ ಒಲೆ ಹಚ್ಚಿ, ಹಂಡೆಯನ್ನು ಕಪ್ಪಾಗಿಯೇ ಬಿಟ್ಟಿದ್ದರೆ ಸಾಕಾಗಿತ್ತು.

ಪತ್ರ ಹಿಡಿದು ಶೆಡ್ಡಿಗೆ ಹೋದೆ. ಕೆಲಸ ಜೋರಾಗಿ ನಡೆದಿತ್ತು. ಹಬೆಯಲ್ಲಿ ಆಪಾರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಪತ್ರವನ್ನು ಈ ಸಲ ಒಂದೊಂದೇ ವಾಕ್ಯವಾಗಿ ಓದಿ ಹೇಳಿದೆ. ಹಿಂದಿನ ಪತ್ರದ ಕೊನೆಯ ಸಾಲನ್ನೂ, ಅದರಲ್ಲಿ ಇದ್ದದ್ದು ಇದ್ದ ಹಾಗೆ, ಹೇಳಿದೆ.

"ಹಂಗಾದ್ರೆ ಅದು ಬಾಯ್ಮಾತ್ಗೆ ಬರ್ದಿದ್ದಲ್ವಾ?" ಎಂದರು ಆಪಾ. ಎಳೆ ಹುಡುಕುವ ಕೈ ನಿಲ್ಲಿಸಲಿಲ್ಲ.

"ಹೂಂ ಆಪಾ. ತಪ್ಪು ನಂದು. ವಾಸನೆ ಅವರಿಗೆ ಆಗಲ್ಲ ಅಂತ ನಾನೇ ಅಂದ್ಕೊಂಡೆ."

ಆಪಾ ಸಿಕ್ಕ ಎಳೆಯನ್ನು ರಾಟೆಗೆ ಹಾಕಿದರು. ಆಮೇಲೆ, "ಅವ್ರಿಗಲ್ಲ ಬುಡಿ ಅಕ್ಕಾ, ನಿಮಗಾಗಲ್ಲ," ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ದಿನಾ ನಾನ್ ಒಲೆ ಹಚ್ತಿದ್ದಂಗೆ ನಿಮ್ ಅಡ್ಗೆಮನೆ ಕಿಟ್ಕಿ ಹಾಕೋ ಸದ್ದು ಕೇಳ್ತದೆ. ಅದ್ಕೇ ನಾನೂ ಹೂಂ ಅಂದಿದ್ದು. ನೀವ್ ಹೇಳ್ತಿದ್ದೀರ ಅಂದ್ರೆ ಅವ್ರಿಗೂ ಆಗಲ್ವೇನೋ ಅಂತ."

ಇಷ್ಟು ವರ್ಷ ಮೆಲ್ಲಗೆ, ಸದ್ದಾಗದಂತೆ ಹಾಕುತ್ತಿದ್ದೇನೆಂದು ನಾನು ಅಂದುಕೊಂಡಿದ್ದೆ.

ಅಂದೇ ಮನೆಗೆ ಬಂದು ಆ ಸಂಸ್ಥೆಗೆ ಇನ್ನೊಂದು ಪತ್ರ ಬರೆದೆ, ಕನ್ನಡದಲ್ಲಿ, ನನ್ನ ಹೆಸರಿನಲ್ಲಿ. ಒಲೆ ಹಚ್ಚದೆ ಇದ್ದದ್ದು ನನ್ನ ಮಾತಿನಿಂದ, ಹಂಡೆ ಉಜ್ಜಿಸಿದ್ದೂ ನಾನೇ, ಅವರು ದಿನವೂ ಬಳಸುತ್ತಾರೆ, ಮುನ್ಸೂಚನೆ ಕೊಡದೆ ಯಾವ ದಿನ ಬೇಕಾದರೂ ಬನ್ನಿ ಎಂದು. ಮಕ್ಕಳು ಕುಡಿಯುವ ಹೊಗೆಯ ಮಾತನ್ನು ಆಪಾ ಹೇಳಿದ ಹಾಗೇ ಬರೆದೆ. ಕಳಿಸಿ ಎರಡು ತಿಂಗಳಾಯಿತು.

ಮೊದಮೊದಲು ಆಪಾ ಬಟ್ಟೆ ಒಣಗಿಸುವಾಗ ಗೋಡೆಯ ಮೇಲಿಂದ "ಏನಾದ್ರೂ ಬಂತಾ ಅಕ್ಕಾ?" ಎಂದು ಕೇಳುತ್ತಿದ್ದರು. ಆಮೇಲೆ ಗದ್ದ ಎತ್ತಿ ಹುಬ್ಬಿನಲ್ಲೇ ಕೇಳುತ್ತಿದ್ದರು, ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಈಗ ಒಂದು ವಾರದಿಂದ ಕೇಳುವುದನ್ನು ಬಿಟ್ಟಿದ್ದಾರೆ. ಮಾತು ನಿಂತಿಲ್ಲ, ನಿನ್ನೆ ನಲ್ಲಿ ನೀರು ಬಂತೋ ಇಲ್ಲವೋ ಎಂದು ವಿಚಾರಿಸಿದರು, ಸೊಪ್ಪು ಕೊಟ್ಟರು. ಹಂಡೆಯ ಮಾತು ಮಾತ್ರ ನಾನಾಗಿ ಎತ್ತಿದರೂ, "ನೋಡಾಣ ಬುಡಿ ಅಕ್ಕಾ," ಎಂದು ಒಳಗೆ ಹೋಗುತ್ತಾರೆ.