ಷಟರ್ ಮೇಸ್ತ್ರಿಯ ಮೂಲೆ

ಮೇಸ್ತ್ರಿಯ ಬಾಯಿಗೂ ಅವನ ಲಾರಿ ರಿಪೇರಿ ಶೆಡ್ಡಿಗೂ ಒಂದೇ ಥರದ ಷಟರ್; ಅರ್ಧಕ್ಕೆ ನಿಂತದ್ದೇ ಇಲ್ಲ. ಹರಟೆಗೆ ತೆರೆದರೆ ಊಟದ ಹೊತ್ತು ಮೀರುತ್ತಿತ್ತು, ಕೆಲಸದ ಗುಟ್ಟು ಕೇಳಿದರೆ ಧಡಾರನೆ ಮುಚ್ಚುತ್ತಿತ್ತು. ಲಾರಿ ಡ್ರೈವರುಗಳು ಅವನನ್ನು ಷಟರ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಕಲ್ಲುಗಣಿಯ ಕೆಸರಿನಲ್ಲಿ ಹೂತುಹೋಗಬಾರದೆಂದು ಅಲ್ಲಿಯ ಲಾರಿಗಳು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಕೊಟ್ಟುಕೊಂಡು ಏರಿ ಬರುತ್ತವೆ. ಟಾರು ರಸ್ತೆ ಸಿಕ್ಕ ಮೇಲೆ ಆ ಫೋರ್‌ವೀಲನ್ನು ಲಿವರ್ ಎಳೆದು ಬಿಡಿಸಬೇಕು. ಮರೆತು ನಾಲ್ಕು ತಿರುವು ದಾಟಿದರೆ ಲಿವರ್ ಕಚ್ಚಿ ಕೂರುತ್ತದೆ; ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಆಗ ಮೇಸ್ತ್ರಿಯೇ ಗತಿ.

"ಎಲ್ಲ ಹೊರಗೆ!" ಷಟರ್ ಧಡ್. ಒಳಗೆ ಸುತ್ತಿಗೆಯ ಪೆಟ್ಟು, ಕೆಮ್ಮು, ಲಾರಿ ಮಾಡಿದವನ ವಂಶಕ್ಕೆಲ್ಲ ಬೈಗುಳ, ನಡುವೆ ಎಂಜಿನ್ನಿನ ಗುರುಗುರು. ಷಟರ್ ಎದ್ದಾಗ ಲಿವರ್ ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸು.

ಜೊತೆಗೇ ದುಡಿಯುವ ಅಳಿಯನೂ ಆಗ ಹೊರಗೇ. "ಮಗಳನ್ನ ಕೊಟ್ಟಿದ್ದೀನಲ್ಲ, ಇನ್ನೇನು ಕೊಡ್ಲಿ?" ಎಂದು ಮೇಸ್ತ್ರಿ ಡ್ರೈವರುಗಳೆದುರು ನಗುತ್ತಿದ್ದ. ಅಳಿಯನಿಗೆ ಅವನಿಟ್ಟ ಹೆಸರು ಗ್ರೀಸ್ ಡಬ್ಬ.

ಹೋದ ಬೇಸಿಗೆಯಲ್ಲಿ ಜಾಕ್ ಜಾರಿ ಲಾರಿ ಮೇಸ್ತ್ರಿಯ ಸೊಂಟದ ಮೇಲೆ ಕೂತಿತು. ಜೀವ ಉಳಿಯಿತು, ಕಾಲುಗಳ ಸ್ವಾಧೀನ ಉಳಿಯಲಿಲ್ಲ. ಶೆಡ್ಡಿನ ಒಳಮೂಲೆಯಲ್ಲಿ ಹಳೆಯ ಲಾರಿ ಸೀಟೊಂದನ್ನು ಹಾಕಿ, ದಿನಾ ಅವನನ್ನು ಎತ್ತಿ ತಂದು ಅದರ ಮೇಲೆ ಕೂರಿಸುತ್ತಿದ್ದರು. ಅವನ ಪಾಲಿಗೆ ಉಳಿದ ಲೋಕ ಆ ಮೂಲೆ. ಅಳಿಯನ ಪಾಲಿಗೆ ಅದು ಗಾಳಿ ತುಂಬುವ ಕಂಪ್ರೆಸರ್ ಇಡುವ ಜಾಗ.

"ಕಂಪ್ರೆಸರ್ ನಾಳೆ ಬರುತ್ತೆ ಮಾವ. ನೀವು ಇನ್ನು ಆರಾಮಾಗಿ ಮನೇಲಿರಿ."

"ಮನೇಲೇನಿದೆ? ಗೋಡೆ. ಗೋಡೇನ ಎಷ್ಟೂಂತ ಬಯ್ಯಲಿ? ಫೋರ್‌ವೀಲ್ ಗಾಡಿ ಬರ್ಲಿ, ಈ ಮೂಲೆ ಯಾರಿಗೆ ಬೇಕು ಅಂತ ಗೊತ್ತಾಗುತ್ತೆ."

ಮರುದಿನ ಬೆಳಗ್ಗೆ ಅಂಥ ಲಾರಿಯೊಂದು ಬಂದೇಬಿಟ್ಟಿತು. ಅಳಿಯ ಲಿವರಿನ ಕೀಲು ಬಿಚ್ಚಿ ತುಕ್ಕು ಉಜ್ಜಿದ, ಆಯಿಲ್ ಬದಲಿಸಿದ, ಗ್ರೀಸ್ ಮೆತ್ತಿದ. ಲಿವರ್ ಕಚ್ಚಿಕೊಂಡೇ ಇತ್ತು.

"ಇನ್ನಷ್ಟು ಹಚ್ಚೋ ಗ್ರೀಸ್ ಡಬ್ಬ," ಮೂಲೆಯಿಂದ ದನಿ ಬಂತು. "ಮಿಕ್ಕಿದ್ದನ್ನ ಮೂತಿಗೆ ಬಳ್ಕೋ."

ಲಾರಿಯ ಡ್ರೈವರ್ ಕಿಸಕ್ಕನೆ ನಕ್ಕ. ಅಳಿಯ ಅವನನ್ನು ಆಚೆ ಕಳಿಸಿ ತಾನೇ ಷಟರ್ ಎಳೆದ. ಮಾವನೆದುರು ಕುಕ್ಕರುಗಾಲಲ್ಲಿ ಕೂತ.

"ಹೇಳ್ಕೊಡಿ. ನಿಮ್ಮ ಸೀಟು ಅಂಗಡೀಲೇ ಇರುತ್ತೆ. ಇಲ್ಲಾಂದ್ರೆ ಇವತ್ತೇ ಮನೆಗೆ."

"ನನ್ನ ಮಗಳಾಣೆಗೂ?"

"ನಿಮ್ಮ ಮಗಳಾಣೆಗೂ."

ಮೇಸ್ತ್ರಿ ಲಾರಿಯತ್ತ ಗದ್ದ ಎತ್ತಿದ. "ಸ್ಟೀರಿಂಗ್ ನೇರ ಇಟ್ಟು ಒಂದೆರಡು ಮಾರು ಹಿಂದಕ್ಕೆ ಬಿಡು. ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ಓಡುತ್ತೆ, ಹಿಂದಿಂದು ಕಮ್ಮಿ. ಕೆಸರಲ್ಲಾದ್ರೆ ಜಾರಿ ಸರಿಹೋಗುತ್ತೆ. ಟಾರಲ್ಲಿ ಜಾರಲ್ಲ, ಒಳಗಡೆ ಶಾಫ್ಟು ಹಿಂಡಿದ ಬಟ್ಟೆ ಥರ ಮುರಿ ಹಾಕ್ಕೊಳುತ್ತೆ. ಹಿಂದಕ್ಕೆ ಹೋದ್ರೆ ಮುರಿ ಬಿಚ್ಚುತ್ತೆ."

"ಮತ್ತೆ ಸುತ್ತಿಗೆ?"

"ಅದು ಹೊರಗಿರೋರಿಗೆ."

ಅಳಿಯ ಹತ್ತಿ ಹಿಂದಕ್ಕೆ ಬಿಟ್ಟ. ಲಿವರ್ ಎರಡು ಬೆರಳಿಗೇ ಬಂತು.

"ಇಷ್ಟೇನಾ? ಇಷ್ಟಕ್ಕಾ ನಾನು ಇಷ್ಟು ವರ್ಷ ಗ್ರೀಸ್ ಡಬ್ಬ ಅನ್ನಿಸ್ಕೊಂಡಿದ್ದು?"

ಆಮೇಲೆ ಅವನು ಸುತ್ತಿಗೆ ಎತ್ತಿಕೊಂಡು ತಗಡೊಂದರ ಮೇಲೆ ಸಾವಕಾಶವಾಗಿ ಬಾರಿಸಿದ. ಕೆಮ್ಮೊಂದನ್ನೂ ಸೇರಿಸಿದ. ಅಚ್ಚು ಮಾವನ ಕೆಮ್ಮು.

ಮಧ್ಯಾಹ್ನ ಕಂಪ್ರೆಸರ್ ಬಂತು. ಸೀಟು, ಮೇಲೆ ಕೂತ ಮೇಸ್ತ್ರಿಯ ಸಮೇತ, ಷಟರಿನಾಚೆ ಸುಟ್ಟ ಆಯಿಲಿನ ಡ್ರಮ್ಮಿನ ಪಕ್ಕಕ್ಕೆ ಹೋಯಿತು.

"ಆಣೆ ಹಾಕಿದ್ಯಲ್ಲೋ!"

"ಅಂಗಡೀಲೇ ಇದ್ದೀರಲ್ಲ ಮಾವ. ಒಳಗಡೆ ಅಂತ ಹೇಳಿದ್ನಾ?"

ಊಟ ತಂದ ಮಗಳು ಅಪ್ಪನನ್ನೂ ನೋಡಿದಳು, ಗಂಡನನ್ನೂ ನೋಡಿದಳು. "ಇಲ್ಲಿ ಗಾಳಿ ಚೆನ್ನಾಗಿದೆ ಬಿಡಪ್ಪ" ಎಂದು ಡಬ್ಬಿ ಇಟ್ಟು ಹೋದಳು.

ವಾರದೊಳಗೆ ಇನ್ನೊಂದು ಲಾರಿ ಕಚ್ಚಿಕೊಂಡು ಬಂತು. "ಎಲ್ಲ ಹೊರಗೆ!" ಷಟರ್ ಧಡ್. ಒಳಗೆ ಸುತ್ತಿಗೆ ಶುರುವಾಯಿತು. ಡ್ರೈವರುಗಳು ಟೀ ಹಿಡಿದು ಮೇಸ್ತ್ರಿಯ ಸುತ್ತ ನಿಂತರು.

"ಅಳಿಯಂದ್ರ ಕೈ ನಿಮಗಿಂತ ಚುರುಕು ಮೇಸ್ತ್ರಿ."

ಮೇಸ್ತ್ರಿಗೆ ತಡೆಯಲಾಗಲಿಲ್ಲ. "ಚುರುಕೂ ಇಲ್ಲ, ಮಣ್ಣೂ ಇಲ್ಲ! ನೇರ ಹಿಂದಕ್ಕೆ ಬಿಟ್ರೆ ತಾನೇ ಬಿಡುತ್ತೆ ಕಣ್ರೋ. ಸುತ್ತಿಗೆ ಎಲ್ಲ ಬರೀ ನಾಟಕ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಗು ಒಟ್ಟಿಗೇ ಸಿಡಿಯಿತು.

"ಹೌದಾ? ಹಂಗಾದ್ರೆ ಇಷ್ಟು ವರ್ಷ ನೀವು ಒಳಗೆ ನಾಟಕ ಆಡ್ತಿದ್ರಾ?"

"ಲಾರಿ ಸೊಂಟಕ್ಕೆ ಬಿತ್ತು ಅಂದ್ರಲ್ಲ," ಮತ್ತೊಬ್ಬ ತನ್ನ ತಲೆ ತಟ್ಟಿಕೊಂಡ, "ಇಲ್ಲೂ ಸ್ವಲ್ಪ ತಾಗಿದೆ, ಪಾಪ."

ಹಾಗೆಂದವನು ಬಿಸಿ ಟೀ ಲೋಟವನ್ನು ಮೇಸ್ತ್ರಿಯ ಸತ್ತ ತೊಡೆಯ ಮೇಲಿಟ್ಟು, ಎರಡೂ ಕೈ ಮರೆಮಾಡಿ ಬೀಡಿ ಹಚ್ಚಿಕೊಂಡ.