ಮಬ್ಬು ಹಿಡಿಯದ ಚಾಳೀಸು ಹುಡುಕಿದ ಉಚ್ಚೆಂಗಮ್ಮ

ಬೆಳಗಿನ ಆರು ಗಂಟೆ. ಸಂಡೂರಿನ ಗುಡ್ಡಗಳ ಮೇಲೆ ಆಗಸ್ಟ್ ತಿಂಗಳ ಮೋಡ ಇನ್ನೂ ಕರಗಿಲ್ಲ. ಖಾಸಗಿ ಗಣಿಯೊಂದರ ಕ್ಯಾಂಟೀನಿನಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಂತೆ, ಸೀರೆಯ ಮೇಲೆ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಒಲೆಯ ಹತ್ತಿರ ಬಂದು ನಿಲ್ಲುತ್ತಾರೆ. ಕೈಯಲ್ಲಿ ಹೊಸದೊಂದು ಸುರಕ್ಷತಾ ಕನ್ನಡಕ. ಅದನ್ನು ಬೋರಲಾಗಿ ಆವಿಯ ಮೇಲೆ ಹಿಡಿದು ತುಟಿಯಲ್ಲೇ ಎಣಿಸತೊಡಗುತ್ತಾರೆ. ನಲವತ್ತು ದಾಟುವಷ್ಟರಲ್ಲಿ ಕನ್ನಡಕದ ಒಳಮೈ ಹಾಲು ಸವರಿದಂತೆ ಬೆಳ್ಳಗಾಗುತ್ತದೆ.

“ಯಕ್ಕಾ, ಇಡ್ಲಿ ತೆಗೀಲೇನು, ನಿನ್ನ ಪರೀಕ್ಷಿ ಇನ್ನಾ ಐತೇನು?” ಅಡುಗೆಯವರು ಕೇಳುತ್ತಾರೆ.

“ತಗೀಯಪ್ಪಾ. ಇವ ನಪಾಸಾದ,” ಎಂದು ಹೆಂಗಸು ನಗುತ್ತಾ ಆ ಕನ್ನಡಕವನ್ನು ಕೋಟಿನ ಎಡ ಜೇಬಿಗೆ ಇಳಿಸುತ್ತಾರೆ. ಪಾಸಾದವುಗಳಿಗೆ ಬಲ ಜೇಬು. ಇವತ್ತು ಹೊಸಪೇಟೆಯ ವ್ಯಾಪಾರಿ ಕಳಿಸಿದ ಐದು ನಮೂನೆಗಳಲ್ಲಿ ಬಲ ಜೇಬು ಸೇರಿದ್ದು ಒಂದೇ.

ಇವರು ಉಚ್ಚೆಂಗಮ್ಮ. ವಯಸ್ಸು ನಲವತ್ತಾರು. ಗಣಿಯ ಸ್ಟೋರಿನಲ್ಲಿ ಕೆಲಸ. ಹಾಜರಿ ಪುಸ್ತಕದಲ್ಲಿ ಮಾತ್ರ ಆ ಹೆಸರು. ಗುಡ್ಡದ ಮೇಲೆ ಎಲ್ಲರ ಬಾಯಲ್ಲೂ ‘ಚಾಳೀಸಕ್ಕ’; ಕನ್ನಡಕಕ್ಕೆ ಇಲ್ಲಿ ಚಾಳೀಸು ಎನ್ನುತ್ತಾರೆ. ಚೀನಾದವರು ಎಷ್ಟು ಕೊಟ್ಟರೂ ಸಾಲದೆಂದು ಅದಿರು ಕೇಳುತ್ತಿರುವ ಕಾಲ ಇದು. ಟಿಪ್ಪರುಗಳ ಸಾಲು ಬೆಳಗಾಗುವ ಮೊದಲೇ ಶುರುವಾಗುತ್ತದೆ. ಏಳು ಗಂಟೆಗೆ ಪಾಳಿ ಹತ್ತುವ ಇನ್ನೂರ ಹನ್ನೆರಡು ಜನ ಒಬ್ಬೊಬ್ಬರಾಗಿ ಸ್ಟೋರಿನ ಕಿಟಕಿ ಮುಂದೆ ಹಾದುಹೋಗಬೇಕು. ಅವರ ಟೊಪ್ಪಿಗೆ, ಬೂಟು, ಕೈಗವಸುಗಳನ್ನು ನೋಡಲು ಬೇರೆಯವರಿದ್ದಾರೆ. ಕಣ್ಣು ಮಾತ್ರ ಉಚ್ಚೆಂಗಮ್ಮನವರ ಪಾಲು.

ಕಣ್ಣಿಗೆ ಇಷ್ಟೊಂದು ಕಾಳಜಿ ಯಾಕೆ ಎಂದು ಕೇಳಿದರೆ ಅವರು ಎಡಗಣ್ಣು ತೋರಿಸುತ್ತಾರೆ. ಕಪ್ಪು ಗುಡ್ಡೆಯ ಅಂಚಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಕಲೆ.

ಚೋರನೂರಿನಲ್ಲಿ ಹುಟ್ಟಿದ ಉಚ್ಚೆಂಗಮ್ಮ ನಾಲ್ಕನೇ ಇಯತ್ತೆ ಓದಿದವರು. ನೀರಿನ ಟ್ಯಾಂಕರ್ ಓಡಿಸುವ ಗಾಳೆಪ್ಪನವರ ಕೈ ಹಿಡಿದು ಸಂಡೂರಿಗೆ ಬಂದರು. ಹನ್ನೊಂದು ವರ್ಷ ಇದೇ ಗಣಿಯಲ್ಲಿ ಸುತ್ತಿಗೆ ಹಿಡಿದು ಅದಿರಿನ ಗಟ್ಟಿ ಒಡೆದರು. ೧೯೯೮ರ ಮಳೆಗಾಲದ ಒಂದು ಮುಂಜಾನೆ, ಪಕ್ಕದವರ ಸುತ್ತಿಗೆಯಡಿಯಿಂದ ಸಿಡಿದ ಚೂರು ಎಡಗಣ್ಣಿಗೆ ಬಡಿಯಿತು. ಕನ್ನಡಕ ಕೊಟ್ಟಿದ್ದರು. ಅವರು ತಂದೂ ಇದ್ದರು.

“ಚಾಳೀಸು ಹಣಿ ಮ್ಯಾಲಿತ್ರಿ,” ಎನ್ನುತ್ತಾರೆ. “ಹಾಕ್ಯಂಡು ಹತ್ತು ಏಟು ಹೊಡೀಬೇಕು, ಒಳಗ ಮಬ್ಬು ಹಿಡಿಯಾದು. ಕಲ್ಲು ಯಾದು, ಬೆರಳು ಯಾದು ತಿಳೀವಲ್ದು. ಬೆರಳು ಉಳಿಸ್ಕ್ಯಬೇಕಂದ್ರ ಚಾಳೀಸು ಮ್ಯಾಲೇರ್ಸಬೇಕಾಗ್ತಿತ್ತು. ಎಲ್ರೂ ಹಂಗೇ ಮಾಡ್ತಿದ್ವಿ. ಚೂರು ನನ್ನ ಹುಡಿಕ್ಯಂಡು ಬಂತು.”

ಬಳ್ಳಾರಿಯ ಆಸ್ಪತ್ರೆಯಲ್ಲಿ ಕಣ್ಣು ಉಳಿಯಿತು, ನೋಟ ಅರ್ಧವಾಯಿತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಅಪಘಾತದ ವರದಿಯ ಒಂದು ಸಾಲು: ‘ಕಾರ್ಮಿಕ ಮಹಿಳೆ ಕನ್ನಡಕ ತೆಗೆದಿದ್ದಳು. ಸ್ವಂತ ನಿರ್ಲಕ್ಷ್ಯ.’ ಸುತ್ತಿಗೆ ಹಿಡಿಯುವ ಕೆಲಸ ಬಿಡಿಸಿ ಸ್ಟೋರಿಗೆ ಹಾಕಿದರು. ಬಂದ ಮೊದಲ ವಾರವೇ ಅವರ ಪಾಲಿಗೆ ಬಿದ್ದದ್ದು ಕನ್ನಡಕ ಹಂಚುವ ಕೆಲಸ!

ಹಂಚುವುದಷ್ಟೇ ಕೆಲಸ ಎಂದು ಅವರು ಸುಮ್ಮನಾಗಲಿಲ್ಲ. ಸಂಜೆ ವಾಪಸ್ ಬಂದ ಕನ್ನಡಕಗಳನ್ನು ತಿರುಗಿಸಿ ನೋಡುವ ಅಭ್ಯಾಸ ಬೆಳೆಸಿಕೊಂಡರು. ಒಳಮೈ ಪೂರ್ತಿ ಗೀರಾಗಿದ್ದರೆ, ಮಬ್ಬು ಹಿಡಿದಾಗಲೆಲ್ಲ ಸೆರಗಿನಿಂದ ಉಜ್ಜಿದ್ದಾರೆ ಎಂದರ್ಥ. ಪಟ್ಟಿ ಹೊಸದರಂತೆ ಬಿಗಿಯಾಗಿದ್ದರೆ, ಹಾಕಿಕೊಂಡೇ ಇಲ್ಲ. ಬದಿಯಲ್ಲಿ ತೂತಿಲ್ಲದವು ಬೇಗ ಮಸುಕಾಗುತ್ತವೆ. ದೊಡ್ಡ ತೂತಿನವು ಮಸುಕಾಗುವುದಿಲ್ಲ, ಆದರೆ ಕೆಂಪು ಧೂಳು ಒಳಗೆ ಬರುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಸಡಿಲವಾಗಿದ್ದರೆ ಉಸಿರು ಮೇಲಕ್ಕೆ ನುಗ್ಗಿ ಎಂಥ ಒಳ್ಳೆಯ ಕನ್ನಡಕವೂ ಸೋಲುತ್ತದೆ. ಇದೆಲ್ಲ ಯಾವ ತರಬೇತಿಯೂ ಕೊಟ್ಟದ್ದಲ್ಲ.

ಬೇರೆ ನಮೂನೆ ತರಿಸಿ ಎಂದು ಆಫೀಸಿಗೆ ಎಷ್ಟು ಸಲ ಹೋದರೋ ಲೆಕ್ಕವಿಲ್ಲ. ಖರೀದಿ ಮತ್ತು ಸುರಕ್ಷತೆ ಎರಡನ್ನೂ ನೋಡುವ ಅಧಿಕಾರಿ, ಹೊಸಪೇಟೆಯ ಪ್ರಭಂಜನ ಅವರು ಕೆಟ್ಟವರಲ್ಲ. ಕುರ್ಚಿ ಕೊಟ್ಟು ಕೂರಿಸುತ್ತಿದ್ದರು, ಚಹ ತರಿಸುತ್ತಿದ್ದರು. “ಹಾಕ್ಕೊಳ್ಳೋ ಮನಸ್ಸಿಲ್ಲದವ್ರು ನೆಪ ಹೇಳ್ತಾರಮ್ಮಾ” ಎಂದು ಕಳಿಸುತ್ತಿದ್ದರು. ಕಳೆದ ವರ್ಷದ ಕೊನೆಗೆ ಮತ್ತೆ ಹಳೆಯ ಬಗೆಯದೇ ಹೊಸ ಸರಕು ಬಂತು. ಥಳಥಳ ಹೊಳೆಯುವ, ಬದಿಯಲ್ಲಿ ತೂತಿಲ್ಲದ ಕನ್ನಡಕಗಳು. ಉಚ್ಚೆಂಗಮ್ಮ ತಾವೇ ಹೊಸಪೇಟೆಯ ವ್ಯಾಪಾರಿಯನ್ನು ಕಾಡಿ ಬೇರೆ ಬಗೆಯ ಆರು ನಮೂನೆ ಪೀಸುಗಳನ್ನು ತರಿಸಿಟ್ಟುಕೊಂಡಿದ್ದರು. ಅವುಗಳನ್ನು ಕೇಳುವವರಿರಲಿಲ್ಲ.

ಅವಕಾಶ ಬಂದದ್ದು ಆಟದ ರೂಪದಲ್ಲಿ.

ಕಳೆದ ಜನವರಿಯ ಸುರಕ್ಷತಾ ಸಪ್ತಾಹದ ಕೊನೆಯ ದಿನ, ಅಧಿಕಾರಿಗಳೆಲ್ಲ ಒಂದು ದಿನ ಹೊರಗೆ ಕಳೆಯಬೇಕೆಂದು ಹೊರಟರು. ಕಮಲಾಪುರದ ಆಚೆ, ಬಂಡೆಗಳ ನಡುವಿನ ಒಂದು ತೋಟ. ಬೆಂಗಳೂರಿನಿಂದ ಒಬ್ಬರು ಆಟದ ಬಂದೂಕುಗಳ ಪೆಟ್ಟಿಗೆ ತಂದಿದ್ದರು. ಜೋಳದ ಕಾಳಿಗಿಂತ ಚೂರು ದಪ್ಪನೆಯ ಪ್ಲಾಸ್ಟಿಕ್ ಗುಂಡು ಹಾರಿಸುವ ಈ ಆಟಕ್ಕೆ ಏರ್‌ಸಾಫ್ಟ್ ಎಂದು ಹೆಸರು. ಎರಡು ತಂಡ ಮಾಡಿಕೊಂಡು ಬಂಡೆಗಳ ಮರೆಯಲ್ಲಿ ಹೊಂಚಿ ಹೊಡೆಯಬೇಕು. ಗುಂಡು ತಾಗಿದವರು ಹೊರಗೆ. ಮೈಗೆ ಬಿದ್ದರೆ ಚುರುಕ್ ಎನ್ನುತ್ತದೆ, ಅಷ್ಟೇ. ಕಣ್ಣಿಗೆ ಬಿದ್ದರೆ ಆಟ ಆಟವಾಗಿ ಉಳಿಯುವುದಿಲ್ಲ. ಅದಕ್ಕೇ ಕನ್ನಡಕ ಕಡ್ಡಾಯ. ಬೆಂಗಳೂರಿನವರ ಬಳಿ ಕನ್ನಡಕ ಸಾಲದೇ ಹೋಗಬಹುದೆಂದು ಗಣಿಯ ಸ್ಟೋರಿನಿಂದ ಒಂದು ಚೀಲ ತರಿಸಿದ್ದರು. ಚೀಲದ ಜೊತೆಗೆ ಉಚ್ಚೆಂಗಮ್ಮನೂ ಬಂದಿದ್ದರು, ಕುಡಿಯುವ ನೀರಿನ ಟ್ಯಾಂಕರ್ ಜೊತೆಗೆ ಗಾಳೆಪ್ಪನೂ.

“ಸರ್, ಇವು ಮಬ್ಬು ಹಿಡಿತಾವ್ರಿ. ನನ್ ಕಡಿ ಆರು ಬ್ಯಾರೆ ಅದಾವು, ಅವ್ನ ತಗಳ್ರಿ” ಎಂದು ಅವರು ಪ್ರಭಂಜನರಿಗೆ ಹೇಳಿದರು.

“ಅರ್ಧ ತಾಸಿನ ಆಟಮ್ಮಾ. ಏನಾಗ್ತದ?” ಎಂದು ಅವರು ಹೊಳೆಯುವ ಹೊಸದನ್ನೇ ಹಾಕಿಕೊಂಡು ಓಡಿದರು.

ಹತ್ತು ನಿಮಿಷ ಆಗಿರಲಿಲ್ಲ. ಚಳಿಗಾಲದ ತಣ್ಣನೆ ಗಾಳಿ, ಓಡಿ ಬಿಸಿಯಾದ ಮುಖ, ಬೆವರು. ಬಂಡೆಗಳ ನಡುವೆ ಇಂಜಿನಿಯರುಗಳು ತಡಕಾಡತೊಡಗಿದರು. ಒಬ್ಬರು ತಮ್ಮದೇ ತಂಡದವರಿಗೆ ಹೊಡೆದರು. ಇನ್ನೊಬ್ಬರು ಜಾಲಿಗಿಡಕ್ಕೆ ಗುರಿಯಿಟ್ಟು ಗುಂಡು ಖಾಲಿ ಮಾಡಿದರು. ನೀರಿನ ಟ್ಯಾಂಕರಿನ ಮೇಲೆ ಕುಳಿತು ನೋಡುತ್ತಿದ್ದ ಗಾಳೆಪ್ಪ ನಕ್ಕು ನಕ್ಕು ಕೆಳಗೆ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಬಂಡೆಯೊಂದರ ಮರೆಯಲ್ಲಿ ಪ್ರಭಂಜನ ಕನ್ನಡಕವನ್ನು ಹಣೆಗೇರಿಸಿ ಕರವಸ್ತ್ರ ತೆಗೆದರು. ಉಚ್ಚೆಂಗಮ್ಮ ಅದನ್ನು ಕಂಡರು.

“ಆಗ ನನ್ ಎದಿ ಝಲ್ಲಂತ್ರಿ. ‘ಚಾಳೀಸು ಇಳಸ್ರೀ ಸಾಹೇಬ್ರ’ ಅಂತ ಒದರಿದೆ. ಅವ್ರು ಯಾರು ಒದರಿದ್ದು ಅಂತ ಮುಖ ಎತ್ತಿದ್ರು, ನೋಡ್ರಿ!”

ಗುಂಡು ಬಲಗಣ್ಣಿನ ಒಂದು ಬೆರಳು ಕೆಳಗೆ, ಕೆನ್ನೆಯ ಎಲುಬಿಗೆ ಬಡಿಯಿತು. ಪ್ರಭಂಜನ ಮುಖ ಹಿಡಿದುಕೊಂಡು ಕುಸಿದರು. ಆಟ ಇನ್ನೂ ನಡೆದೇ ಇತ್ತು. ಯಾರಿಗೂ ಏನೂ ಕಾಣುತ್ತಿರಲಿಲ್ಲ. ಉಚ್ಚೆಂಗಮ್ಮ ತಮ್ಮ ಆರರಲ್ಲಿ ಒಂದನ್ನು ಮುಖಕ್ಕೇರಿಸಿ, ಎರಡೂ ಕೈ ಎತ್ತಿಕೊಂಡು ಮೈದಾನದ ನಡುವೆ ನುಗ್ಗಿದರು. ಬೆನ್ನಿಗೆ ಮೂರು ಗುಂಡು ಬಿದ್ದವು. “ನಿಂದರ್ಸ್ರೀ!” ಎಂಬ ಅವರ ಕೂಗು ಪಕ್ಕದ ತೋಟದವರಿಗೂ ಕೇಳಿಸಿತಂತೆ.

ಕಣ್ಣಿಗೆ ಏನೂ ಆಗಿರಲಿಲ್ಲ. ಕೆನ್ನೆ ಮಾತ್ರ ಗೋಲಿಯಷ್ಟು ಊದಿತ್ತು. ನೀರು ಕುಡಿದು ಸುಧಾರಿಸಿಕೊಂಡ ಪ್ರಭಂಜನ, “ನಿಮಗೂ ಹಿಂಗೇ ಆಗಿತ್ತಲ್ಲಾ?” ಎಂದು ಕೇಳಿದರು. “ಹಿಂಗೇ ರೀ ಸರ್. ನಿಮ್ದು ಒಂದು ಬೆರಳು ಕೆಳಗ ಬಿತ್ತು,” ಎಂದರು ಉಚ್ಚೆಂಗಮ್ಮ.

ಆ ದಿನದ ಮಾತು ಬಂದರೆ ಪ್ರಭಂಜನ ಈಗಲೂ ಕೆನ್ನೆ ಮುಟ್ಟಿಕೊಳ್ಳುತ್ತಾರೆ. “ಸುರಕ್ಷತೆ ಬಗ್ಗೆ ಭಾಷಣ ಮಾಡಿ ಬಂದವನು ನಾನು. ಹತ್ತು ನಿಮಿಷಕ್ಕೆ ಕನ್ನಡಕ ತೆಗೆದೆ. ಆಟ ಆಡೋವಾಗಲೇ ನನಗೆ ತಡಕೊಳ್ಳೋಕೆ ಆಗಲಿಲ್ಲ. ಎಂಟು ತಾಸು ಸುತ್ತಿಗೆ ಹಿಡಿಯೋರಿಗೆ ನೆಪ ಅಂದಿದ್ದೆನಲ್ಲ, ಅದು ನಾಚಿಕೆ ಅನಿಸ್ತು,” ಎನ್ನುತ್ತಾರೆ.

ಅಂದಿನ ಆಟ ಅಲ್ಲಿಗೇ ನಿಲ್ಲಲಿಲ್ಲ ಎಂಬುದೂ ಸ್ವಾರಸ್ಯವೇ. ಊಟವಾದ ಮೇಲೆ ಮೂವರು ಮೂವರ ತಂಡ ಮಾಡಿ, ಉಚ್ಚೆಂಗಮ್ಮನವರ ಆರು ಕನ್ನಡಕಗಳಲ್ಲೇ ಮತ್ತೊಮ್ಮೆ ಆಡಿದರು. ಆರನೆಯವರಾಗಿ ಆಡಲು ಅಧಿಕಾರಿಗಳಲ್ಲಿ ಯಾರೂ ಮುಂದೆ ಬಾರದೆ ಗಾಳೆಪ್ಪನನ್ನು ಕರೆದರು. ಟ್ಯಾಂಕರಿನಿಂದ ಇಳಿದು ಬಂದ ಆತ ಎದುರು ತಂಡದ ಮೂವರು ಅಧಿಕಾರಿಗಳನ್ನೂ ಒಬ್ಬನೇ ಹೊಡೆದು ಕೆಡವಿದ. “ಮಸ್ತ್ ಕಾಣ್ತಿತ್ತು ರೀ. ಸಾಹೇಬ್ರ ಹೊಟ್ಟಿ ಬಂಡೆಗಲ್ಲಿನ ಹಿಂದ ಅಡಗವಲ್ದು,” ಎಂದು ಗಾಳೆಪ್ಪ ಇಂದಿಗೂ ಹೇಳಿಕೊಂಡು ಓಡಾಡುತ್ತಾನೆ. “ಸಾಕು ಸುಮ್ನಿರ್ರಿ, ಕೆಲ್ಸ ಹೋದೀತು,” ಎಂದು ಹೆಂಡತಿ ಗದರುತ್ತಾರೆ, ತಾವೂ ನಗುತ್ತಾರೆ.

ಮರುವಾರವೇ ಕನ್ನಡಕ ಆರಿಸುವ ಕೆಲಸ ಅಧಿಕೃತವಾಗಿ ಉಚ್ಚೆಂಗಮ್ಮನವರಿಗೆ ಬಂತು. ಹನ್ನೊಂದು ನಮೂನೆ ತರಿಸಿದರು. ಮೊದಲು ಏಟಿನ ಪರೀಕ್ಷೆ: ಆಳೆತ್ತರದಿಂದ ಅದಿರಿನ ಚೂರು ಬೀಳಿಸಿದಾಗ ಬಿರುಕು ಬಿಟ್ಟ ಮೂರು ಅಲ್ಲೇ ಹೊರಗೆ. ಆಮೇಲೆ ಇಡ್ಲಿ ಪಾತ್ರೆ. ಅದಕ್ಕೂ ಉಳಿದ ನಾಲ್ಕನ್ನು ಹತ್ತು ಹೆಂಗಸರಿಗೆ ಸರದಿಯಂತೆ ವಾರ ವಾರ ಕೊಟ್ಟು, ಸಂಜೆ ಒಂದೇ ಪ್ರಶ್ನೆ ಕೇಳಿದರು: ಇವತ್ತು ಎಷ್ಟು ಸಲ ತೆಗೆದಿ?

“ಆವಿ ಸುಳ್ಳು ಹೇಳಲ್ಲ ಖರೇ, ಆದ್ರ ಆವಿಗೆ ಮೂಗಿಲ್ಲ, ಕಿವಿ ಇಲ್ಲ,” ಎಂದು ವಿವರಿಸುತ್ತಾರೆ. “ಮೂಗು ಒತ್ತಿದ್ರೂ ತೆಗಿತಾರ, ಕೂದ್ಲು ಜಗ್ಗಿದ್ರೂ ತೆಗಿತಾರ. ದಿನಕ್ಕ ಇಪ್ಪತ್ತು ಸಲ ತೆಗಿಯಾ ಚಾಳೀಸು ಎಷ್ಟು ಚೊಲೋದಿದ್ರೇನು?”

ಗೆದ್ದದ್ದು ಎರಡು ಪದರದ, ಗಾಳಿಯ ದಾರಿ ಅಡ್ಡ ಮುಚ್ಚಳದ ಹಿಂದೆ ಅಡಗಿರುವ, ಅಗಲ ಬಟ್ಟೆ ಪಟ್ಟಿಯ ಒಂದು ಸಾದಾ ಕನ್ನಡಕ. ನೋಡಲು ಅಂದವಿಲ್ಲ. ಮಾರ್ಚ್ ಕೊನೆಗೆ ಎಲ್ಲರ ಕೈ ಸೇರಿತು. ಜೊತೆಗೆ ಚಾಳೀಸಕ್ಕನ ಕಟ್ಟಪ್ಪಣೆ: ಒಳಗಡೆ ಸೆರಗು ಮುಟ್ಟಿಸಬಾರದು, ಸೋಪಿನ ನೀರಿನಲ್ಲಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಬೇಕು. ಸ್ಟೋರಿನ ಹಿಂದೆ ಕಟ್ಟಿದ ಹಗ್ಗದ ಮೇಲೆ ಸಂಜೆಗೆ ಇನ್ನೂರಕ್ಕೂ ಹೆಚ್ಚು ಕನ್ನಡಕ ತೂಗುತ್ತವೆ.

ಗಣಿಯ ದವಾಖಾನೆಯ ಪುಸ್ತಕದಲ್ಲಿ ಹೋದ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ಕಣ್ಣಿಗೆ ಚೂರು ಬಿದ್ದು ಬಂದವರು ಹನ್ನೊಂದು ಮಂದಿ. ಈ ವರ್ಷ ಅದೇ ನಾಲ್ಕು ತಿಂಗಳಲ್ಲಿ ಒಬ್ಬರು. ಅದಿರು ಒಡೆಯುವ ವಿರುಪಮ್ಮ ತಮ್ಮ ಕನ್ನಡಕದ ಮೇಲಿನ ಗಾಯ ತೋರಿಸುತ್ತಾರೆ. ಸರಿಯಾಗಿ ನಡುವೆ, ನಕ್ಷತ್ರದಂತೆ ಒಡೆದ ಗುರುತು. “ಮೇ ತಿಂಗಳಾಗ ಬಡೀತ್ರಿ. ಹೊಸಾದು ಕೊಟ್ರು. ಇದನ್ನ ಮಾತ್ರ ನಾ ವಾಪಸ್ ಕೊಡಂಗಿಲ್ಲಂದೆ. ಮನಿಯಾಗ ದೇವರ ಗೂಡಿನ್ಯಾಗ ಇಟ್ಟೀನಿ, ನಿಮ್ಗ ತೋರ್ಸಾಕ ತಂದೀನಿ,” ಎನ್ನುತ್ತಾರೆ.

ಇನ್ನೊಂದು ಬದಲಾವಣೆ ಯಾರ ಕಣ್ಣಿಗೂ ಬೀಳದಂಥದ್ದು. ೧೯೯೮ರ ಹಳೆಯ ವರದಿಯನ್ನು ತಿದ್ದಲು ನಿಯಮದಲ್ಲಿ ಅವಕಾಶವಿಲ್ಲ. ಪ್ರಭಂಜನ ಅದರ ಕೆಳಗೆ ತಾರೀಕು ಹಾಕಿ, ಸಹಿ ಮಾಡಿ ಒಂದು ಟಿಪ್ಪಣಿ ಸೇರಿಸಿದ್ದಾರೆ: ‘ಕೊಟ್ಟಿದ್ದ ಕನ್ನಡಕ ಮಸುಕಾಗುತ್ತಿತ್ತು. ತಪ್ಪು ಕಾರ್ಮಿಕರದ್ದಲ್ಲ.’ ಉಚ್ಚೆಂಗಮ್ಮನವರನ್ನು ಆಫೀಸಿಗೆ ಕರೆಸಿ ಆ ಹಾಳೆ ಮುಂದಿಟ್ಟರು. ಅವರು ಬಲಗಣ್ಣನ್ನು ಹಾಳೆಯ ಹತ್ತಿರ ತಂದು, ಅಕ್ಷರ ಕೂಡಿಸಿ ಕೂಡಿಸಿ ತಾವೇ ಓದಿದರು.

“ಓದಿ ಏನಂದ್ರಿ?” ಎಂದು ಕೇಳುತ್ತೇನೆ.

“ಏನನ್ಲಿ? ಇನ್ನೊಂದ್ಸಲ ಓದ್ಲಾ ಸರ್ ಅಂದೆ.”

ಹೊತ್ತು ಏಳರ ಹತ್ತಿರ ಬರುತ್ತದೆ. ಕಿಟಕಿಯ ಮುಂದೆ ಸಾಲು ಬೆಳೆಯುತ್ತದೆ. ಮುಂದಿನ ಆಸೆ ಏನು ಎಂದರೆ ಉಚ್ಚೆಂಗಮ್ಮ ಕೋಟಿನೊಳಗಿಂದ ದರ್ಜಿಯ ಟೇಪು ಮತ್ತು ಒಂದು ಸಣ್ಣ ನೋಟುಬುಕ್ಕು ತೆಗೆಯುತ್ತಾರೆ. ಕನ್ನಡಕಗಳೆಲ್ಲ ಗಂಡಸರ ಮುಖದ ಅಳತೆಗೆ ಬರುತ್ತವಂತೆ. ಸಣ್ಣ ಮುಖದ ಹೆಂಗಸರಿಗೆ ಕೆನ್ನೆಯ ಹತ್ತಿರ ಸಂದು ಉಳಿದು ಧೂಳು ಹೋಗುತ್ತದೆ. ತಯಾರಿಸುವವರಿಗೆ ವ್ಯಾಪಾರಿಯ ಕೈಲಿ ಕಾಗದ ಬರೆಸಿದ್ದರು. ಅಳತೆ ಕಳಿಸಿ, ನೋಡೋಣ ಎಂದು ಉತ್ತರ ಬಂದಿದೆ. ಅಂದಿನಿಂದ ಸಿಕ್ಕ ಹೆಂಗಸರ ಮುಖವನ್ನೆಲ್ಲ ಅಳೆಯುತ್ತಿದ್ದಾರೆ. ನಲವತ್ತೊಂದು ಮುಖ ಆಗಿದೆ, ನೂರು ಆಗಬೇಕು.

“ನನ್ ಹೆಸ್ರು ಎಲ್ಲೂ ಹಾಕಾದು ಬ್ಯಾಡ್ರಿ. ಡಬ್ಬಿ ಮ್ಯಾಲೆ ‘ಹೆಣ್ಮಕ್ಕಳ ಸೈಜು’ ಅಂತ ಬರದ್ರ ಸಾಕು,” ಎನ್ನುತ್ತಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸುತ್ತಾರೆ. “ಅಲ್ಲಾಡಬ್ಯಾಡ್ರಿ ಮೇಡಂ.” ಟೇಪು ಒಂದು ಕಿವಿಯ ಬುಡದಿಂದ ಇನ್ನೊಂದಕ್ಕೆ ಹಾಯುತ್ತದೆ, ಮೂಗಿನ ಏರನ್ನು ಹತ್ತಿ ಇಳಿಯುತ್ತದೆ. ನೋಟುಬುಕ್ಕಿನಲ್ಲಿ ಅಂಕಿ ಬರೆದುಕೊಂಡು, ನನ್ನ ಮುಖವನ್ನೊಮ್ಮೆ ಮೆಚ್ಚುಗೆಯಿಂದ ನೋಡಿ ಹೇಳುತ್ತಾರೆ:

“ಭಾಳ ಸಣ್ಣ ಮುಖ ರೀ ನಿಮ್ದು. ಇಂಥಾದೊಂದು ಬೇಕಾಗಿತ್ತು ನನ್ಗ.”