ಅಂಟಿಸಿ ಕೊಟ್ಟ ಕವರ್

ಗೆಳೆಯರೇ, ನಾನು ಅರಸೀಕೆರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇವತ್ತು ಬಾಣಾವರದ ನಮ್ಮ ಪಕ್ಕದ ಮನೆಯ ಅಕ್ಕ ರಿಪೋರ್ಟ್ ತೆಗೆದುಕೊಳ್ಳಲು ಬಂದಿದ್ದರು. ಹೆಸರು ಹೇಳುವಂತಿಲ್ಲ, ಅದು ಲ್ಯಾಬಿನ ನಿಯಮ. ರಿಪೋರ್ಟ್ ಚೆನ್ನಾಗಿರಲಿಲ್ಲ. ಬಿಳಿ ರಕ್ತಕಣಗಳ ಲೆಕ್ಕ ನಂಬಲಾಗದೆ ನಾನು ಎರಡು ಸಲ ಪರೀಕ್ಷೆ ಮಾಡಿದ್ದೆ. ಆದರೆ ಏನಿದ್ದರೂ ಡಾಕ್ಟರೇ ಹೇಳಬೇಕು, ನಾವು ಬಾಯಿ ಬಿಡುವಂತಿಲ್ಲ.

ಕವರ್ ಅಂಟಿಸಿ ಕೊಟ್ಟು, "ಡಾಕ್ಟರ್‌ಗೆ ತೋರ್ಸಿ ಅಕ್ಕಾ" ಎಂದೆ. ಸಾಲಿನಲ್ಲಿ ಅವರಿಗಿಂತ ಮುಂದೆ ನಿಂತಿದ್ದ, ರಿಪೋರ್ಟಿನಲ್ಲಿ ಏನೂ ತೊಂದರೆಯಿಲ್ಲದ ಹುಡುಗಿಗೂ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದೆ. ಹಾಗೇ ಹೇಳಬೇಕೆಂದು ನಮಗೆ ಕಲಿಸಿದ್ದಾರೆ.

ಸಂಜೆ ಬಸ್ ಹತ್ತಿದರೆ ಅದೇ ಅಕ್ಕ, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಕವರ್ ಅವರ ಚೀಲದಲ್ಲಿ ಸೊಪ್ಪಿನ ಕಟ್ಟಿನ ಕೆಳಗಿತ್ತು, ಒಡೆದೇ ಇರಲಿಲ್ಲ.

"ಡಾಕ್ಟರ್ ಏನಂದ್ರು ಅಕ್ಕಾ?"

"ಹೋಗ್ಲಿಲ್ಲ ಕಣೇ, ಅಲ್ಲಿ ಭಾರಿ ಜನ. ತೋರ್ಸಿ ತೋರ್ಸಿ ಅಂತ ನೀನು ಎಲ್ರಿಗೂ ಅಂತೀಯ. ಏನಾರ ಇದ್ದಿದ್ರೆ ನಂಗೆ ಹೇಳ್ದೆ ಇರ್ತಿದ್ಯಾ?"

ಆಗ ನನ್ನ ಮೈಮೇಲೆ ಲ್ಯಾಬಿನ ಕೋಟು ಇರಲಿಲ್ಲ. ಹೇಳಬಹುದಿತ್ತು. "ನಾಳೆ ತಪ್ಪದೆ ಹೋಗಿ ಅಕ್ಕಾ" ಎಂದೆ, ಮತ್ತದೇ ದನಿಯಲ್ಲಿ.

"ಹಬ್ಬ ಮುಗೀಲಿ ಬಿಡೇ" ಎಂದವರು ನನ್ನ ಹೆಗಲಿಗೆ ಒರಗಿ, ಬಾಣಾವರ ಬರುವವರೆಗೂ ನೆಮ್ಮದಿಯಾಗಿ ನಿದ್ದೆ ಮಾಡಿದರು.

ನಮ್ಮ ಲ್ಯಾಬಿನ ಗೋಡೆಯ ಮೇಲೆ "ನಿಮ್ಮ ನೆಮ್ಮದಿಯೇ ನಮ್ಮ ಗುರಿ" ಎಂದು ದೊಡ್ಡದಾಗಿ ಬರೆಸಿದ್ದಾರೆ. ಇವತ್ತು ಗುರಿ ಮುಟ್ಟಿದೆವು.